ಕಮಳಾಬಾಯಿಯ ಸಂಜೆಯ ಹೊರೆ

ಕಮಳಾಬಾಯಿಯ ಮನೆಯಲ್ಲಿ ಗ್ಯಾಸಿನ ಒಲೆಗೆ ಅಂಗಿ ತೊಡಿಸಿರುತ್ತಿದ್ದರು. ಹಳೆಯ ಸೀರೆಯ ಸೆರಗನ್ನು ಕತ್ತರಿಸಿ, ಅಂಚಿಗೆ ಬಣ್ಣದ ಮಣಿ ಪೋಣಿಸಿ, ಒಲೆಯ ಅಳತೆಗೆ ಸರಿಯಾಗಿ ಹೊಲಿದ ಅಂಗಿ. ಸಿಲಿಂಡರಿಗೂ ಅದೇ ಬಟ್ಟೆಯದು. ಅವೆರಡೂ ಅಡುಗೆಮನೆಯಲ್ಲಿ ಇರಲಿಲ್ಲ. ಪಡಸಾಲೆಯಲ್ಲಿ, ಟೀವಿಯ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ, ಗೋಡೆಯ ಬುದ್ಧನ ಚಿತ್ರದ ಕೆಳಗೆ, ಬಾಗಿಲಲ್ಲಿ ನಿಂತವರಿಗೆ ಮೊದಲು ಕಾಣುವ ಜಾಗದಲ್ಲಿ ಇದ್ದವು. ಅಂಗಿಯ ಬಣ್ಣ ಹಸಿರು ಎಂದು ಬರೆಯಲು ಹೊರಟವನು ಈಗ ತಡೆದೆ. ನೀಲಿಯೂ ಇದ್ದಿರಬಹುದು. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಇದೊಂದು ಒಳ್ಳೆಯ ಗುಣ ಎಂದೇ ಬಹಳ ಕಾಲ ತಿಳಿದುಕೊಂಡಿದ್ದೆ.

ದುಬಲಗುಂಡಿಯಲ್ಲಿ ತೊಗರಿ ಕೊಯ್ಯಲು ಹೋಗುವ ಹೆಂಗಸರ ಒಂದು ಗುಂಪಿಗೆ ಕಮಳಾಬಾಯಿ ಮುಂದಾಳು. ಇವತ್ತು ಯಾರ ಹೊಲ, ನಾಳೆ ಯಾರದು, ಯಾವ ಸಾಲು ಯಾರು ಹಿಡಿಯಬೇಕು, ಎಷ್ಟು ಹೊತ್ತಿಗೆ ಬುತ್ತಿ ಬಿಚ್ಚಬೇಕು, ಎಲ್ಲವೂ ಅವರ ಮಾತಿನಂತೆ ನಡೆಯುತ್ತಿತ್ತು. ಎತ್ತರದ ಆಳು. ಕಚ್ಚೆ ಹಾಕಿ ಉಟ್ಟ ಸೀರೆ, ಹೊಲಕ್ಕೆ ಹೋಗುವಾಗ ಅದರ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ. ನಡೆಯುವಾಗ ಹಿಂದೆ ಬರುವವರನ್ನು ತಿರುಗಿ ನೋಡುವ ಪದ್ಧತಿಯೇ ಅವರಿಗಿರಲಿಲ್ಲ. ಬರುತ್ತಾರೆ ಎಂಬುದು ಗೊತ್ತಿತ್ತು.

ಯಾರೇ ಏನೇ ಕೇಳಿದರೂ ಮೊದಲು ಒಂದು ತಿರುಗು ಪ್ರಶ್ನೆ ಹಾಕದೆ ಅವರು ಉತ್ತರ ಕೊಡುತ್ತಿರಲಿಲ್ಲ. ನಾನು ಮೊದಲ ಸಲ ಅವರ ಓಣಿಗೆ ಹೋದಾಗ, ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳಿದೆ.

"ಯಾಕ್ರಿ, ಊಟಕ್ಕ ಕರೀತೀರೇನು?" ಅಂದರು.

ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದ ಖಾಜಾಬಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಖಾಜಾಬಿಯೂ ಅದೇ ಗುಂಪಿನಲ್ಲಿ ಕೊಯ್ಲಿಗೆ ಹೋಗುವವಳು. ಇಬ್ಬರ ನಡುವೆ ಒಂದು ಗೋಡೆ, ದಿನಕ್ಕೊಂದು ಜಗಳ. ಜಗಳವಿಲ್ಲದ ದಿನ ಕಮಳಾಬಾಯಿಯೇ ಗೋಡೆಯ ಮೇಲಿಂದ ಇಣುಕಿ, "ಏ ಖಾಜಾ, ಆರಾಮಿಲ್ಲೇನು ಇವತ್ತ, ಬಾಯಿ ಬಿದ್ದದಲ್ಲ?" ಎಂದು ವಿಚಾರಿಸುತ್ತಿದ್ದರಂತೆ.

ನಾನು ಅಲ್ಲಿಗೆ ಯಾಕೆ ಹೋಗಿದ್ದೆ ಎಂಬುದನ್ನು ಹೇಳಬೇಕು. ಬಸವಕಲ್ಯಾಣ ನನ್ನ ಊರು. ಕಲಬುರಗಿಯಲ್ಲಿ ಓದಿ, ಸಂಶೋಧನೆ ಮುಗಿಸಿ, ಕೆಲಸಕ್ಕಾಗಿ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಜೈವಿಕ ಇಂಧನದ ಯೋಜನೆಗಳನ್ನು ಪರಿಶೀಲಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ಸೇರಿಕೊಂಡಿದ್ದೆ. ಹುಮನಾಬಾದಿನ ಹತ್ತಿರ ಒಂದು ಕಾರ್ಖಾನೆ ಬಂದಿತ್ತು. ತೊಗರಿ ಕಟ್ಟಿಗೆಯನ್ನು, ಅಂದರೆ ಕಾಯಿ ಬಡಿದ ಮೇಲೆ ಉಳಿಯುವ ಒಣಗಿದ ಗಿಡವನ್ನು, ಪುಡಿ ಮಾಡಿ ಒತ್ತಿ ಇಟ್ಟಿಗೆಯಂಥ ಗಟ್ಟಿಗಳನ್ನು ಮಾಡುವ ಕಾರ್ಖಾನೆ. ದೊಡ್ಡ ಕಾರ್ಖಾನೆಗಳ ಬಾಯ್ಲರಿನಲ್ಲಿ ಕಲ್ಲಿದ್ದಲಿನ ಬದಲು ಇವನ್ನು ಉರಿಸುತ್ತಾರೆ. ಇದು ನಿಜವಾಗಿ ಪರಿಸರಕ್ಕೆ ಒಳ್ಳೆಯದೆ, ಈ ಕಟ್ಟಿಗೆಯನ್ನು ನಂಬಿಕೊಂಡವರು ಬೇರೆ ಯಾರಾದರೂ ಇದ್ದಾರೆಯೆ, ಎಂಬುದನ್ನು ಊರೂರು ತಿರುಗಿ ನೋಡಿ ವರದಿ ಕೊಡುವುದು ನನ್ನ ಕೆಲಸ. ವರದಿ ಸರಿಬಂದರೆ ಕಾರ್ಖಾನೆಗೆ ಸುಸ್ಥಿರ ಇಂಧನದ ಪ್ರಮಾಣಪತ್ರ ಸಿಗುತ್ತದೆ. ಅದಿದ್ದರೆ ಮಾಲು ಮುಂಬೈ ಪುಣೆಯ ಕಡೆಗೂ ಹೋಗುತ್ತದೆ.

ಈ ಕೆಲಸದಲ್ಲಿ 'ಹೆಚ್ಚುವರಿ' ಎಂಬ ಒಂದು ಮಾತು ಬರುತ್ತದೆ. ಯಾರಿಗೂ ಬೇಡವಾಗಿ ಹೊಲದಲ್ಲಿ ಉಳಿದದ್ದು, ಸುಟ್ಟು ಹಾಕುವಂಥದ್ದು, ಅದು ಹೆಚ್ಚುವರಿ. ಹೆಚ್ಚುವರಿಯನ್ನು ಒಯ್ದರೆ ಯಾರಿಗೂ ನಷ್ಟವಿಲ್ಲ. ಹೊಲದ ಮಾಲಕರನ್ನು ಕೇಳಿದ್ದೆ. ಎಲ್ಲರೂ ಒಯ್ಯಲಿ ಬಿಡಿ ಅಂದಿದ್ದರು. ಇನ್ನು ಕೇಳಬೇಕಾದದ್ದು ಕೂಲಿಯವರ ಓಣಿಯಲ್ಲಿ, ನೀವು ಅಡುಗೆಗೆ ಏನು ಉರಿಸುತ್ತೀರಿ ಎಂಬ ಒಂದೇ ಪ್ರಶ್ನೆ. ನಾನು ಹೋದದ್ದು ಶ್ರಾವಣದಲ್ಲಿ. ಹೊಲದಲ್ಲಿ ಆಗ ತೊಗರಿ ಮೊಳಕಾಲೆತ್ತರ ಹಸಿರಾಗಿತ್ತು. ತಲೆಯ ಮೇಲೆ ಹೊರೆ ಹೊತ್ತು ಬರುವವರು ಆ ಕಾಲದಲ್ಲಿ ಯಾರೂ ಇಲ್ಲ. ಈ ಕೆಲಸಕ್ಕೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು.

"ಅಡಿಗಿ ಯಾದರ ಮ್ಯಾಲ ಮಾಡ್ತೀರಿ, ಯಕ್ಕ?" ಎಂದು ಕೇಳಿದೆ.

ಕಮಳಾಬಾಯಿ ನನ್ನನ್ನೇ ನೋಡಿದರು. ಆಮೇಲೆ ಒಳಗೆ ಕರೆದು, ಒಲೆಯ ಅಂಗಿ ತೆಗೆದು ಮಡಿಸಿ ಬದಿಗಿಟ್ಟರು.

"ಕಣ್ಣಿಗಿ ಕಾಣಸ್ತದಲ್ರಿ? ಗ್ಯಾಸ್. ಈಗ ಯಾರ್ರಿ ಕಟ್ಟಿಗಿ ಉರಿಸ್ತಾರ? ಈ ಓಣ್ಯಾಗ ಎಲ್ಲಾರದೂ ಗ್ಯಾಸ್. ಹೌದಿಲ್ಲೇನ, ಖಾಜಾ?"

ಬಾಗಿಲಿಗೆ ಬಂದು ನಿಂತಿದ್ದ ಖಾಜಾಬಿ, "ಹೌದ್ರಿ ಸರ, ಎಲ್ಲಾರದೂ," ಅಂದಳು. ಅವಳ ದನಿಯಲ್ಲಿ ಏನೋ ಇತ್ತು ಎಂದು ಈಗ ಅನಿಸುತ್ತದೆ. ಆಗಲೂ ಅನಿಸಿತ್ತೋ ಇಲ್ಲವೋ ಹೇಳಲಾರೆ.

ಓಣಿಯ ಉಳಿದ ಮನೆಗಳವರು ನಾನು ಕೇಳುವ ಮೊದಲೇ 'ಗ್ಯಾಸ್' ಎಂದರು. ತಿರುಗಿ ಬರುವಾಗ ಕಮಳಾಬಾಯಿ ಚಹಾ ಕುಡಿಯದೆ ಹೋಗಬಾರದು ಎಂದು ಕೈ ಹಿಡಿದು ಕೂಡಿಸಿದರು. ಒಲೆಯ ಕಿವಿ ತಿರುಗಿಸಿ ಲೈಟರನ್ನು ಕಟಕಟ ಎನ್ನಿಸಿದರು. ಉರಿ ಬರಲಿಲ್ಲ.

"ನೋಡ್ರಿ ಇದರ ನಸೀಬ! ಮುಂಜಾನೆತನ ಚಲೋ ಇತ್ತು, ನೀವು ಬಂದ ಕೂಡ್ಲೆ ಖಾಲಿ ಆಗ್ಯಾದ. ನಿಮ್ಮ ಕಾಲಗುಣ ಭಾಳ ಚಲೋ ಅದ ಬಿಡ್ರಿ ಸಾಹೇಬ್ರ," ಎಂದು ನನ್ನ ಮೇಲೇ ಹಾಕಿ, ಪಾತ್ರೆ ತಗೊಂಡು ಹಿತ್ತಲ ಕಡೆ ಹೋದರು. ಖಾಜಾಬಿಯ ಮನೆಯಲ್ಲಿ ಮಾಡಿಕೊಂಡು ಬರುತ್ತೇನೆ ಎಂದ ಹಾಗೆ ನೆನಪು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಕುಡಿದೆ. ಚೆನ್ನಾಗಿತ್ತು. ಊರು ದಾಟುವ ಮೊದಲೇ ವರದಿಗೆ ಬೇಕಾದ ವಾಕ್ಯ ತಲೆಯಲ್ಲಿ ಸಿದ್ಧವಾಗಿತ್ತು: ಈ ಊರಿನಲ್ಲಿ ತೊಗರಿ ಕಟ್ಟಿಗೆಗೆ ಬೇರೆ ಬಳಕೆಯಿಲ್ಲ.

ಅಂದಿನಿಂದ ಸಂಕ್ರಾಂತಿಯ ತನಕ ಕಮಳಾಬಾಯಿಯನ್ನು ಕಂಡಿರಲಿಲ್ಲ. ಒಂದು ದಿನ ಬಸವಕಲ್ಯಾಣದಲ್ಲಿ, ತಹಶೀಲ್ದಾರರ ಕಚೇರಿಯ ಎದುರಿನ ಚಹಾದ ಅಂಗಡಿಯಲ್ಲಿ ನಾನು ಕೂತಿದ್ದಾಗ, ಅವರು ಖಾಜಾಬಿಯ ಜೊತೆ ರಸ್ತೆ ದಾಟಿ ನೇರ ನನ್ನ ಕಡೆಗೇ ಬಂದರು. ಯಾರನ್ನೋ ಕೇಳಿ, ಯಾರೋ ತೋರಿಸಿ, ಮುಂಜಾನೆಯಿಂದ ಹುಡುಕುತ್ತಿದ್ದರಂತೆ.

"ಸರ, ಆಡಿದ ಮಾತ ತಿರಗಿ ತಗೋಬೇಕಂದ್ರ ಎಲ್ಲಿ ಅರ್ಜಿ ಕೊಡಬೇಕ್ರಿ?" ಎಂದರು. ಇದು ಅವರ ಎಂದಿನ ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ.

ಅವರು ಹೇಳಲು ಅಂಜಿದ್ದನ್ನು ಖಾಜಾಬಿ ಹೇಳಿದಳು. ಆ ಕಡೆಯ ಹೊಲಗಳಲ್ಲಿ ಹಿಂದಿನಿಂದ ಬಂದ ಒಂದು ರೂಢಿ ಇತ್ತು. ತೊಗರಿ ಕೊಯ್ದು ರಾಶಿ ಮಾಡುವ ಹೆಂಗಸರು ದಿನದ ಕೆಲಸ ಮುಗಿದ ಮೇಲೆ ತಲಾ ಒಂದು ಹೊರೆ ಕಟ್ಟಿಗೆಯನ್ನು ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಅದನ್ನು ಸಂಜೆಯ ಹೊರೆ ಎನ್ನುತ್ತಿದ್ದರು. ಕೂಲಿ ಬೇರೆ, ಹೊರೆ ಬೇರೆ. ಕೊಯ್ಲು ಮುಗಿಯುವಷ್ಟರಲ್ಲಿ ಪ್ರತಿ ಮನೆಯ ಹಿತ್ತಲಲ್ಲೂ ವರ್ಷಕ್ಕಾಗುವಷ್ಟು ಉರುವಲು ಒಟ್ಟಿರುತ್ತಿತ್ತು. ಹೊರೆ ಎಷ್ಟು ದಪ್ಪ ಇರಬೇಕು ಎಂಬುದಕ್ಕೆ ಅಳತೆ ಇರಲಿಲ್ಲ. ಹೊತ್ತುಕೊಂಡು ಒಬ್ಬಳೇ ಎದ್ದು ನಿಲ್ಲುವಷ್ಟು, ಅಷ್ಟೆ.

ಕಮಳಾಬಾಯಿಯ ಹೊರೆಯ ಕಥೆ ಊರಿಗೇ ಗೊತ್ತಿತ್ತಂತೆ. ಒಮ್ಮೆ ಹೊಲದ ಮಾಲಕ ಶಿವರಾಜಪ್ಪನವರು, "ಏನ ಕಮಳಾಬಾಯಿ, ವರ್ಷಾ ವರ್ಷಾ ನಿನ್ನ ಹೊರಿ ದಪ್ಪ ಆಗಾಕತ್ತದಲ್ಲ," ಅಂದರಂತೆ. ಹೊರೆ ತಲೆಯ ಮೇಲಿರುವಾಗಲೇ ಇವರು, "ನಿಮ್ಮ ಹೊಟ್ಟಿನೂ ಆಗಾಕತ್ತದರಿ ಅಪ್ಪಾರ, ನಾವೇನರ ಅಂದೀವೇನು?" ಅಂದು ಹೊರಟೇಬಿಟ್ಟರಂತೆ. ಶಿವರಾಜಪ್ಪನವರೇ ಮನೆಗೆ ಹೋಗಿ ಹೆಂಡತಿಗೆ ಹೇಳಿ ನಕ್ಕರಂತೆ. ಇದೆಲ್ಲ ಖಾಜಾಬಿ ಹೇಳಿದ್ದು. ನಾನು ಕಣ್ಣಾರೆ ಕಂಡದ್ದಲ್ಲ. ಆದರೂ ಆ ಹೊರೆ, ಅದರ ಕೆಳಗೆ ಬಾಗದ ಆ ಕತ್ತು, ನನಗೆ ಕಂಡಂತೆಯೇ ಇವೆ.

ಆ ವರ್ಷ ಹೊರೆ ನಿಂತುಹೋಯಿತು. ಕಾರ್ಖಾನೆಯವರು ಟ್ರ್ಯಾಕ್ಟರ್ ತಂದು ಹೊಲದಲ್ಲೇ ತೂಗಿ ಒಯ್ಯತೊಡಗಿದರು. ಮೊದಲ ಸಂಜೆ ಹೆಂಗಸರು ಹೊರೆ ಕಟ್ಟಿದಾಗ ಶಿವರಾಜಪ್ಪನವರು ಬಿಚ್ಚಿಸಿದರು. ನೀವೆಲ್ಲ ಗ್ಯಾಸಿನವರು, ಸರಕಾರಿ ಮನುಷ್ಯಾಗ ಬಾಯಿ ತುಂಬ ಹೇಳೀರಿ, ಈಗ ಕಟ್ಟಿಗೆ ಯಾಕೆ ಎಂದು ಕೇಳಿದರು. ನಾನು ಸರಕಾರಿ ಮನುಷ್ಯನಲ್ಲ. ಆದರೆ ಉಳಿದ ಮಾತು ನಿಜವೇ ಆಗಿತ್ತು.

"ಗ್ಯಾಸ್ ಅದರಿ," ಎಂದರು ಕಮಳಾಬಾಯಿ ತಲೆ ತಗ್ಗಿಸಿ. "ಇಲ್ಲ ಅಂತ ನಾ ಹೇಳೂದಿಲ್ಲ. ಹಬ್ಬಕ್ಕ ಒಮ್ಮೆ, ಬೀಗರು ಬಂದ್ರ ಒಮ್ಮೆ. ದಿನಾ ರೊಟ್ಟಿ ಬಡದ್ರ ಅದು ಎಲ್ಲೀತನ ಬರ್ತದರಿ?"

"ಹಾಗಾದ್ರ ಅವತ್ತ ಯಾಕ ಹಂಗ ಹೇಳಿದ್ರಿ, ಯಕ್ಕ?"

ಈ ಸಲ ತಿರುಗು ಪ್ರಶ್ನೆ ಬರಲಿಲ್ಲ. ಅವರು ನೆಲ ನೋಡುತ್ತ ಹೇಳಿದರು. ಸಣ್ಣವರಿದ್ದಾಗ ಅವ್ವನ ಜೊತೆ ದೊಡ್ಡ ಮನೆಗಳ ಹಿಂದಿನ ಬಾಗಿಲಿಗೆ ಉರುವಲು ಕೇಳಲು ಹೋಗುತ್ತಿದ್ದರು. ಒಳಗಿನವರು, ಆರಿಸಿಕೊಂಡು ತಿನ್ನುವವರು ಬಂದಾರ ನೋಡು ಎನ್ನುತ್ತಿದ್ದರು. ಅವ್ವ ಹೌದ್ರಿ ಎಂದು ನಗುತ್ತ ನಿಲ್ಲುತ್ತಿದ್ದಳು. "ಆ ನಗಿ ನೆನಪಾದ್ರ ಈಗೂ ನನಗ ಮೈ ಉರೀತದರಿ. ನೀವು ಕೈಯಾಗ ಪೆನ್ ಹಿಡ್ಕೊಂಡು ಬಂದ್ರಿ. ಬರದದ್ದು ಅಳಸೂದಿಲ್ಲ ಅಂತಾರ. ಮಂದಿ ಹೊಲದಾಗಿಂದು ತಂದು ಅಡಿಗಿ ಮಾಡ್ತಾರ ಅಂತ ನಮ್ಮ ಹೆಸರ ಮ್ಯಾಲ ಬರಸೂದು ನನಗ ಮನಸಿಗಿ ಬರಲಿಲ್ಲ. ಓಣಿಯವರಿಗೂ ನಾನಾ ಹೇಳಿದ್ದೆ, ಗ್ಯಾಸ್ ಅನ್ರಿ ಅಂತ."

"ಆಕಿ ಹೇಳಿದ್ಲು, ನಾವು ಅಂದಿವಿ," ಎಂದಳು ಖಾಜಾಬಿ. "ಈಗ ಆಕಿ ಇಜ್ಜತ್ ಒಲ್ಯಾಗ ಹಾಕಿ ರೊಟ್ಟಿ ಮಾಡಬೇಕ್ರಿ ನಾವು."

ಕಮಳಾಬಾಯಿ ಅವಳನ್ನು ಬಯ್ಯಲಿಲ್ಲ. ಅದೇ ನನಗೆ ಹೆಚ್ಚು ಗಾಬರಿಯಾದದ್ದು.

ಆ ಹೊತ್ತಿಗೆ ನಾನು ಮಾಡಬಹುದಾಗಿದ್ದದ್ದು ಸರಳವಾಗಿತ್ತು. ಹೋಗಿ, ನೋಡಿ, ವರದಿಯನ್ನು ನಾನೇ ತಿದ್ದುವುದು. ಆದರೆ ತಿದ್ದುವುದೆಂದರೆ ಮೊದಲ ಸಲ ಸರಿಯಾಗಿ ನೋಡಲಿಲ್ಲ ಎಂದು ಒಪ್ಪುವುದು. ಪ್ರಮಾಣಪತ್ರವನ್ನು ಕೊಡುವ ಮೊದಲು ಊರವರ ಸಭೆ ಕರೆಯುತ್ತಾರೆ, ಅಲ್ಲಿ ಯಾರು ಬೇಕಾದರೂ ಎದ್ದು ತಕರಾರು ಹೇಳಬಹುದು ಎಂದು ನಾನು ವಿವರಿಸಿದೆ. ನಿಮ್ಮ ಬಾಯಿಂದಲೇ ಬಂದರೆ ಅದಕ್ಕೆ ಬೆಲೆ ಹೆಚ್ಚು ಎಂದೆ. ಜನರ ಸಹಭಾಗಿತ್ವದ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಕಲಿತದ್ದೆಲ್ಲ ಆಗ ನನ್ನ ನೆರವಿಗೆ ಬಂತು.

"ನೀವು ಇರ್ತೀರಿಲ್ರಿ ಅಲ್ಲಿ?" ಎಂದು ಕಮಳಾಬಾಯಿ ಕೇಳಿದರು.

"ಇರ್ತೇನಿ," ಎಂದೆ.

ಸಭೆ ದುಬಲಗುಂಡಿಯ ಸಮುದಾಯ ಭವನದಲ್ಲಿ ಸೇರಿತು. ಕಾರ್ಖಾನೆಯ ಮ್ಯಾನೇಜರು ಬಂದಿದ್ದರು. ಮರ್ಯಾದಸ್ಥ ಮನುಷ್ಯ, ಹಳೆ ಮೈಸೂರಿನ ಕಡೆಯವರು. ಶಿವರಾಜಪ್ಪನವರು ಮತ್ತು ಹೊಲದವರೆಲ್ಲ ಮುಂದಿನ ಕುರ್ಚಿಗಳಲ್ಲಿ, ಹೆಂಗಸರು ಹಿಂದೆ ಜಮಖಾನೆಯ ಮೇಲೆ. ಮೇಜಿನ ಹಿಂದೆ ಮ್ಯಾನೇಜರರ ಪಕ್ಕ ನಾನು. ಯಾರಿಗಾದರೂ ಹೇಳುವುದಿದೆಯೆ ಎಂದು ಕೇಳಿದಾಗ ಕಮಳಾಬಾಯಿ ಎದ್ದು ನಿಂತರು. ಹೊಲದ ಅಂಗಿ ಹಾಕಿರಲಿಲ್ಲ, ಮದುವೆಗೆ ಉಡುವ ಸೀರೆ ಉಟ್ಟಿದ್ದರು.

"ನಾವು ಕಟ್ಟಿಗಿ ಉರಿಸ್ತೀವ್ರಿ. ಓಣಿ ಓಣಿನಾ ಉರಿಸ್ತದ. ಸಂಜಿ ಹೊರಿ ನಮಗ ಬೇಕು," ಎಂದರು. ಅಷ್ಟು ಗಟ್ಟಿ ದನಿಯ ಹೆಂಗಸಿನ ದನಿ ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ.

ಮ್ಯಾನೇಜರು ವರದಿ ತಿರುವಿದರು. "ಅಮ್ಮಾ, ಮಳೆಗಾಲದಲ್ಲಿ ನೀವೇ ಗ್ಯಾಸ್ ಅಂತ ಹೇಳಿದ್ದೀರಿ. ಈಗ ಒಲೆ ಅಂತೀರಿ. ಯಾವುದು ನಿಜ ಅಂತ ನಾವು ತಿಳ್ಕೋಬೇಕು?"

"ಎರಡೂ ನಾನಾ ಹೇಳೇನ್ರಿ. ಅವಾಗಿಂದು ಸುಳ್ಳ, ಇವಾಗಿಂದು ಖರೆ."

"ನಾಳೆ ಮತ್ತೊಂದು ಖರೆ ಹುಟ್ಟತದೇನ, ಕಮಳಾಬಾಯಿ?" ಎಂದರು ಶಿವರಾಜಪ್ಪನವರು. ಮುಂದಿನ ಕುರ್ಚಿಗಳೆಲ್ಲ ನಕ್ಕವು. ಹಿಂದೆ ಯಾರೋ, "ಒಲಿಗಿ ಅಂಗಿ ಹೊಲಸಿದಾಕಿ ಆಕೀನಾ ನೋಡ್ರಿ," ಎಂದರು. ಮತ್ತೆ ನಗು.

ಕಮಳಾಬಾಯಿ ನಗು ಮುಗಿಯುವ ತನಕ ಕಾದರು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

"ಈ ಸರ ನಮ್ಮ ಮನ್ಯಾಗ ಚಾ ಕುಡದಾರ. ಆ ಚಾ ಕಟ್ಟಿಗಿ ಒಲಿ ಮ್ಯಾಲ ಮಾಡಿದ್ದು. ಹೊಗಿ ವಾಸನಿ ಬಂದಿತ್ತೋ ಇಲ್ಲೋ, ಅವರನ್ನ ಕೇಳ್ರಿ. ಓದಿದವರು. ಸುಳ್ಳ ಹೇಳೂದಿಲ್ಲ."

ಎಲ್ಲರೂ ನನ್ನನ್ನು ನೋಡಿದರು. ಮ್ಯಾನೇಜರರೂ ಕುತೂಹಲದಿಂದ ತಿರುಗಿದರು.

ಆ ಕ್ಷಣದಲ್ಲಿ ನಾನು ಏನು ಮಾಡಿದೆ ಎಂಬುದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಪ್ರಾಮಾಣಿಕವಾಗಿ ಆ ಚಹಾವನ್ನು ನೆನಪಿಸಿಕೊಳ್ಳಲು ನೋಡಿದೆ. ಕೈಯಲ್ಲಿ ಬಸಿ, ಬಿಸಿ, ಸಿಹಿ, ಮಳೆಯ ಜಿನುಗು. ಹೊಗೆ? ಇದ್ದಿರಬೇಕು. ಆದರೆ ಇವರು ಈಗ ಹೇಳಿದ್ದರಿಂದ ಇದ್ದಂತೆ ಅನಿಸುತ್ತಿದೆಯೆ? ಮನುಷ್ಯನ ನೆನಪು ಎಷ್ಟು ಸುಲಭವಾಗಿ ಬೇರೆಯವರ ಮಾತಿನ ಆಕಾರ ತಾಳುತ್ತದೆ ಎಂಬ ಬಗ್ಗೆ ನಾನು ಎಷ್ಟೋ ಸಲ ಗೆಳೆಯರ ಜೊತೆ ವಾದಿಸಿದ್ದೇನೆ.

"ಚಹಾ ಕುಡಿದದ್ದು ನಿಜ," ಎಂದೆ. "ವಾಸನೆಯ ಬಗ್ಗೆ ಖಚಿತವಾಗಿ ನೆನಪಿಲ್ಲ."

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಷ್ಟು ತಿರುಗಿಸಿ ನೋಡಿದರೂ ಅದರಲ್ಲಿ ಸುಳ್ಳು ಸಿಗುವುದಿಲ್ಲ. ಸುಳ್ಳಾಗಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಒಬ್ಬ ಹೆಂಗಸು ತನ್ನ ಮಾನವನ್ನು ಊರೆದುರು ಬಿಚ್ಚಿ ಇಟ್ಟು, ಇದಕ್ಕೆ ಒಂದು ಕೈ ಕೊಡಿ ಎಂದು ಕೇಳಿದಾಗ, ನಾನು ನನ್ನ ಜ್ಞಾಪಕಶಕ್ತಿಯ ಮಿತಿಯನ್ನು ವಿವರಿಸಿದೆ. ಹೊಗೆಯ ವಾಸನೆ ನೆನಪಿಲ್ಲದಿದ್ದರೂ, 'ಈಗ ಹೋಗಿ ನೋಡೋಣ' ಎಂದಾದರೂ ಹೇಳಬಹುದಿತ್ತು. ಅದನ್ನೂ ಅವರೇ ಹೇಳಬೇಕಾಯಿತು.

"ಇರಲಿ ಬಿಡ್ರಿ," ಎಂದರು ಕಮಳಾಬಾಯಿ. ನನ್ನ ಮೇಲೆ ಸಿಟ್ಟಿರಲಿಲ್ಲ, ಅಲ್ಲಿ ಕೂತ ಯಾರ ಮೇಲೂ ಇರಲಿಲ್ಲ. "ನೆನಪು ಬ್ಯಾಡ. ನಡೀರಿ ಎಲ್ಲಾರೂ. ನೋಡೇ ಬರ್ರಿ."

ಅವರು ಎಂದಿನಂತೆ ಮುಂದೆ ನಡೆದರು, ಹಿಂದೆ ತಿರುಗಿ ನೋಡಲಿಲ್ಲ. ಮೊದಲು ಖಾಜಾಬಿ ಎದ್ದಳು, ಆಮೇಲೆ ಹೆಂಗಸರು, ಆಮೇಲೆ ವಿಧಿಯಿಲ್ಲದೆ ಮ್ಯಾನೇಜರು, ಮ್ಯಾನೇಜರು ಹೊರಟಿದ್ದಕ್ಕೆ ಶಿವರಾಜಪ್ಪನವರು. ಆ ಓಣಿಯ ಬಾಯಿಯಲ್ಲಿ ಶಿವರಾಜಪ್ಪನವರು ಒಂದು ಗಳಿಗೆ ನಿಂತರು. ಅವರು ಅಲ್ಲಿಂದ ಒಳಗೆ ಎಂದೂ ಕಾಲಿಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಪಡಸಾಲೆ ದಾಟಿ ಹಿತ್ತಲಿಗೆ ಹೋದೆವು. ಒಂದು ಸೀರೆಯನ್ನು ಹಗ್ಗಕ್ಕೆ ಕಟ್ಟಿ ಮರೆ ಮಾಡಿದ್ದರು. ಆ ಮರೆಯ ಆಚೆಗೆ ಹೊರಗಿನವರನ್ನು ಅವರು ಬಿಟ್ಟುಕೊಂಡದ್ದೇ ಇಲ್ಲವೆಂದು ಖಾಜಾಬಿ ಹೇಳಿದ್ದಳು. ಕಮಳಾಬಾಯಿ ಅದನ್ನು ಸರಿಸಲಿಲ್ಲ. ಹಿಡಿದು ಎಳೆದರು. ಹಗ್ಗ ಗೂಟದಿಂದ ಕಳಚಿ ಬಿತ್ತು.

ಮಣ್ಣಿನ ಒಲೆ. ಮೇಲಿನ ತಗಡು, ಗೋಡೆ, ಗೋಡೆಗೆ ಒರಗಿಸಿದ ರೊಟ್ಟಿಯ ಹಂಚು, ಎಲ್ಲ ಮಸಿ. ಕಟ್ಟಿಗೆ ಒಟ್ಟುವ ಮೂಲೆ ಬರಿದಾಗಿತ್ತು. ಒಲೆಯಲ್ಲಿ ಮುರಿದ ಕಿಟಕಿಯ ಚೌಕಟ್ಟು, ಒಂದು ಬುಟ್ಟಿಯ ತಳ, ಹಸಿ ಜಾಲಿಯ ಕೊಂಬೆ ಅರ್ಧ ಉರಿದು ಹೊಗೆಯಾಡುತ್ತಿದ್ದವು. ಮ್ಯಾನೇಜರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದವರು, ಏನೋ ಹೊಳೆದಂತಾಗಿ ಕೆಳಗಿಳಿಸಿದರು. ಶಿವರಾಜಪ್ಪನವರು ಒಲೆ ಬಿಟ್ಟು ಬೇರೆಲ್ಲ ನೋಡುತ್ತಿದ್ದರು.

"ಕಣ್ಣ ತುಂಬ ನೋಡ್ರಿ," ಎಂದರು ಕಮಳಾಬಾಯಿ. "ನಮ್ಮ ಅವ್ವ ಇದರ ಮುಂದನಾ ಕೆಮ್ಮಿ ಕೆಮ್ಮಿ ಹೋದ್ಲು. ನನಗೂ ಇದರ ಮ್ಯಾಲ ಪಿರೂತಿ ಇಲ್ರಿ. ದಿನಾ ಗ್ಯಾಸ್ ಉರಿಸೋ ಹಂಗ ಮಾಡ್ರಿ, ನಿಮ್ಮ ಕಟ್ಟಿಗಿ ನೀವಾ ಒಯ್ರಿ. ಅಲ್ಲೀತನ ಹೊರಿ ಬಿಡ್ರಿ."

ಆ ಮಾತು ನನ್ನ ಇಡೀ ವರದಿಗಿಂತ ಸರಿಯಾಗಿತ್ತು ಎಂದು ಬರೆಯುವುದು ಸುಲಭ. ಹಾಗೆ ನೋಡಿದರೆ ಪೂರ್ತಿ ಸರಿಯೂ ಅಲ್ಲ. ಕಾರ್ಖಾನೆ ಒಯ್ಯದಿದ್ದರೆ ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿಯುತ್ತದೆ. ಹೊರೆ ಬಿಟ್ಟರೆ ಆ ಹಿತ್ತಲಲ್ಲಿ ಇನ್ನೊಬ್ಬಳ ಎದೆ ಉರಿಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಕೆಲಸಕ್ಕೇ ನನ್ನನ್ನು ನೇಮಿಸಿದ್ದರು. ನಾನು ಒಂದು ತಟ್ಟೆ ಖಾಲಿ ಇದೆಯೆಂದು ಬರೆದುಕೊಟ್ಟಿದ್ದೆ.

ಮ್ಯಾನೇಜರು ನನಗೆ ಮೆಲ್ಲಗೆ, "ಒಂದು ಫೋಟೊ ಬೇಕಾಗುತ್ತೆ, ಸಾಕ್ಷಿಗೆ," ಎಂದರು. ಫೋನು ತೆಗೆದೆ. ಕಮಳಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬದಿಗೆ ಸರಿದರು.

"ನಾ ಬ್ಯಾಡ್ರಿ. ಒಲೀದಷ್ಟಾ ತಕ್ಕೋರಿ."

ಒಲೆಯಷ್ಟನ್ನೇ ತೆಗೆದೆ. ಬಗ್ಗಿದಾಗ ಹೊಗೆ ಮುಖಕ್ಕೆ ಹೊಡೆಯಿತು. ಶ್ರಾವಣದ ಚಹಾದಲ್ಲಿ ಇದೇ ವಾಸನೆ ಇತ್ತು ಎಂದು ಆಗ ನೆನಪಾಯಿತು. ಖಂಡಿತ ಇತ್ತು. ಅಥವಾ ಆ ಹಿತ್ತಲೇ ನನಗೆ ಆ ನೆನಪನ್ನು ಕೊಟ್ಟಿತು. ಎರಡರಲ್ಲಿ ಯಾವುದೇ ಆದರೂ, ತಡವಾಗಿ ಬಂದದ್ದಂತೂ ನಿಜ.

ಹೊರಗೆ ಬರುವಾಗ ಓಣಿಯ ಕೊನೆಯಲ್ಲಿ ಅವರ ಹತ್ತಿರ ಹೋಗಿ, "ಯಕ್ಕ, ನಾ..." ಎಂದು ಶುರುಮಾಡಿದೆ.

"ಬಿಸಿಲ ಭಾಳ ಅದರಿ ಸರ. ಹೋಗ್ರಿ," ಎಂದರು. ಅಂದು ಅವರ ಬಾಯಲ್ಲಿ ನಾನು 'ಸಾಹೇಬ್ರ' ಆಗಿರಲಿಲ್ಲ, ತಮಾಷೆಯೂ ಇರಲಿಲ್ಲ.

ವರದಿಯನ್ನು ತಿದ್ದಿದೆ. ಕೊಯ್ಯುವವರ ಸಂಜೆಯ ಹೊರೆ ಬಿಟ್ಟು ಉಳಿದದ್ದು ಮಾತ್ರ ಹೆಚ್ಚುವರಿ ಎಂದು ಬರೆದೆ. ಪ್ರಮಾಣಪತ್ರ ಬೇಕಿದ್ದರೆ ಹೊರೆ ಬಿಡಲೇಬೇಕು ಎಂಬ ಷರತ್ತು ಬಂತು. ಕಾರ್ಖಾನೆ ಒಪ್ಪಿತು, ಹೊಲದವರೂ ಒಪ್ಪಿದರು. ಮುಂದಿನ ಕೊಯ್ಲಿನಲ್ಲಿ ದುಬಲಗುಂಡಿಯ ದಾರಿಯಲ್ಲಿ ಸಂಜೆ ಹೊರೆಗಳು ಸಾಲಾಗಿ ಬರುವುದನ್ನು ನಾನೇ ಕಂಡೆ. ಖಾಜಾಬಿ ಮುಂದಿದ್ದಳು. ಕಮಳಾಬಾಯಿ ಎಲ್ಲಿ ಎಂದು ಕೇಳಿದೆ.

"ಆಕಿ ಮನ್ನಾಎಖೇಳ್ಳಿ ಊರ ಕಡೆ ಹೋಗ್ತಾಳ್ರಿ ಈಗ, ಅಲ್ಲಿ ಹೊಲಕ್ಕ," ಎಂದಳು ಖಾಜಾಬಿ ಹೊರೆಯ ಕೆಳಗಿನಿಂದ. "ಶಿವರಾಜಪ್ಪನ ಹೊಲದಾಗಿಂದು ಒಂದು ಕಡ್ಡಿನೂ ಮುಟ್ಟಂಗಿಲ್ಲ ಅಂತಾಳ. ನಮಗ ಮಾತ್ರ ದಿನಾ ಕೇಳ್ತಾಳ, ಹೊರಿ ಬಿಟ್ಟನೇನು, ದಪ್ಪ ಕಟ್ಟೀರೇನು ಅಂತ. ನಾ ಅಂದೆ, ಬಾರೇ, ನೀನೂ ಬಾ ಅಂತ. ಗ್ವಾಡಿ ಮ್ಯಾಲಿಂದ ಬೈದ್ಲು." ಹೊರೆ ಸರಿಮಾಡಿಕೊಂಡು, "ಬೈದ್ಲಲ್ಲ, ಅಷ್ಟಾ ಖುಷಿ," ಎಂದಳು.

ಕೊನೆಯ ಸಲ ಅವರನ್ನು ಕಂಡದ್ದು ಹುಮನಾಬಾದಿನ ಬಸ್‌ ನಿಲ್ದಾಣದಲ್ಲಿ. ಬೇರೊಂದು ಊರಿನ ಕೆಲಸಕ್ಕೆ ನಾನು ದುಬಲಗುಂಡಿಯ ದಾರಿಯ ಬಸ್ಸಿನಲ್ಲಿ ಕೂತಿದ್ದೆ. ಬಸ್ಸು ಹೊರಡುವುದರಲ್ಲಿತ್ತು. ಕಮಳಾಬಾಯಿ ಕೈಯಲ್ಲಿ ಚೀಲ ಹಿಡಿದು ಅವಸರದಿಂದ ಬಂದು ಮೆಟ್ಟಿಲು ಹತ್ತಿದರು. ನನ್ನ ಪಕ್ಕದ ಸೀಟು ಖಾಲಿ ಇತ್ತು. ನಾನು ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅವರು ತಲೆಯೆತ್ತಿದರು. ಅಷ್ಟರಲ್ಲೇ ತಿರುಗಿ ಕೆಳಗಿಳಿದರು.

"ಬರ್ರಿ ಬಾಯಿ, ಜಾಗ ಅದ ಒಳಗ!" ಎಂದು ಕಂಡಕ್ಟರ್ ಕೂಗಿದ.

"ಇರಲಿ ಹೋಗಪ್ಪ. ಹಿಂದಿನ ಬಸ್ಸಿಗಿ ಬರ್ತೇನಿ," ಎಂದರು.

"ಹಿಂದಿಂದು ಬರೂದು ಭಾಳ ಹೊತ್ತಾಗ್ತದ ನೋಡ್ರಿ ಮತ್ತ!"

"ಆಗಲಿ."

ಬಸ್ಸು ಹೊರಟಿತು. ಕಿಟಕಿಯಿಂದ ನೋಡಿದೆ. ಅವರು ಕಂಬಕ್ಕೆ ಒರಗಿ, ಬಸ್ಸಿಗೆ ಬೆನ್ನು ಮಾಡಿ ನಿಂತಿದ್ದರು. ಯಾರಿಗಾಗಿಯೋ ಕಾಯುವುದಿತ್ತೇನೋ. ಏನನ್ನಾದರೂ ಮರೆತಿದ್ದರೇನೋ. ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ನಾನು ಕಂಡೇ ಇರಲಿಕ್ಕಿಲ್ಲ. ಇಂಥ ಕಾರಣಗಳನ್ನು ಇನ್ನೂ ಎಷ್ಟು ಬೇಕಾದರೂ ಹುಡುಕಬಲ್ಲೆ, ಅದು ನನಗೆ ಚೆನ್ನಾಗಿ ಬರುವ ಕೆಲಸ. ಆದರೆ ಅವರು ನನ್ನನ್ನು ನೋಡಿದರು. ನೋಡಿಯೇ ಇಳಿದರು.